ಹಳೆಯ ಕಾಲುವೆಗೆ ಯಾರ ಹಣ? ವಿಜಯನಗರದ ನಾಲೆಗಳನ್ನು ಮುಂದಿಟ್ಟುಕೊಂಡು ಒಂದು ಹೋಲಿಕೆ

ಹಂಪಿಗೆ ಬಂದವರು ಕಲ್ಲಿನ ರಥದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅಲ್ಲಿಗೆ ಹೋಗುವ ದಾರಿಯಲ್ಲಿ, ಬಾಳೆತೋಟಗಳ ನಡುವೆ ಹರಿಯುವ 'ತುರ್ತು' ಎಂಬ ಹೆಸರಿನ ಕಾಲುವೆಯನ್ನು ಯಾವುದೋ ಹಳ್ಳವೆಂದುಕೊಂಡು ದಾಟಿ ಮುಂದಕ್ಕೆ ಹೋಗುತ್ತಾರೆ. ಅರಮನೆಗಳ ಅಡಿಪಾಯವಷ್ಟೇ ಉಳಿದಿರುವ ಆ ಊರಿನಲ್ಲಿ, ಯಾವ ಕೆಲಸಕ್ಕೆಂದು ಕಟ್ಟಿದರೋ ಆ ಕೆಲಸವನ್ನು ಇಂದಿಗೂ ಮಾಡುತ್ತಿರುವ ಕೆಲವೇ ರಚನೆಗಳಲ್ಲಿ ಇದೂ ಒಂದು. ರಾಯ, ಬಸವಣ್ಣ, ಬೆಲ್ಲ, ಕಾಳಘಟ್ಟ, ರಾಮಸಾಗರ, ಕಂಪ್ಲಿ. ಹೊಳೆಯ ಆಚೆ ದಡದಲ್ಲಿ ಹುಲಿಗಿ, ಶಿವಪುರ, ಆನೆಗೊಂದಿ, ಗಂಗಾವತಿ: ತುಂಗಭದ್ರೆಯ ಬಂಡೆಗಳ ನಡುವಿನ ಕಂಡಿಗಳಿಗೆ ಕಲ್ಲು ಜೋಡಿಸಿ, ಅಣೆಕಟ್ಟೆ ಮಾಡಿ, ನೀರು ತಿರುಗಿಸಿದ ನಾಲೆಗಳಿವು. ರಾಯ ಮತ್ತು ಬಸವಣ್ಣ ಕಾಲುವೆಗಳಿಗೆ ನೀರು ಕೊಡುತ್ತಿದ್ದ ವಲ್ಲಭಾಪುರದ ಅಣೆಕಟ್ಟೆ ಕೃಷ್ಣದೇವರಾಯನ ಕಾಲದ್ದು. ಶಾಸನದ ವರ್ಷ 1521. 1953ರಲ್ಲಿ ತುಂಗಭದ್ರಾ ಜಲಾಶಯ ತುಂಬಿದಾಗ ಆ ಅಣೆಕಟ್ಟೆ ಮುಳುಗಿತು. ಕಾಲುವೆಗಳು ಮುಳುಗಲಿಲ್ಲ. ಈಗ ಅವಕ್ಕೆ ಜಲಾಶಯದಿಂದಲೇ ನೀರು ಹರಿಯುತ್ತದೆ.

ಇಂಥ ಕಾಲುವೆಯ ದಡದಲ್ಲಿ ಜಮೀನು ಅಥವಾ ಮನೆ ಇರುವವರು, ಅದನ್ನು ಉಳಿಸಿಕೊಳ್ಳಬೇಕೆಂದು ಸಮಿತಿ ಮಾಡಿಕೊಂಡವರು ಮೊದಲ ಸಭೆಯಲ್ಲೇ ಕೇಳುವ ಪ್ರಶ್ನೆ: ದುಡ್ಡು ಯಾರ ಹತ್ತಿರ ಕೇಳೋಣ? ಶಾಸಕರ ಹತ್ತಿರವೇ, ಗಣಿ ಕಂಪನಿಯ ಹತ್ತಿರವೇ, ಬೆಂಗಳೂರಿನಲ್ಲಿರುವ ಊರಿನ ಹುಡುಗರ ಹತ್ತಿರವೇ, ಅಥವಾ ಎಕರೆಗೆ ಇಷ್ಟೆಂದು ನಾವೇ ಹಾಕಿಕೊಳ್ಳೋಣವೇ? ಈ ದಾರಿಗಳನ್ನು ಇಲ್ಲಿ ಅಕ್ಕಪಕ್ಕ ಇಟ್ಟು ನೋಡಿದ್ದೇನೆ. ಕಾವೇರಿ ಬಯಲಿನ ಚಿಕ್ಕದೇವರಾಜ ನಾಲೆ, ವಿರಿಜಾ ನಾಲೆ, ಬಂಗಾರದೊಡ್ಡಿ ನಾಲೆಗಳ ದಡದವರಿಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ. ಪುರಾತತ್ವದ ನಿಯಮಗಳು ಮಾತ್ರ ಜಾಗದಿಂದ ಜಾಗಕ್ಕೆ ಬೇರೆಯಾಗುತ್ತವೆ.

ಮೊದಲು ಕೆಲಸ ಯಾವುದೆಂದು ಬರೆಯಿರಿ

ಹಣ ಕೊಡುವವರೇ ಸಾಮಾನ್ಯವಾಗಿ ಕೆಲಸವನ್ನೂ ಆರಿಸುತ್ತಾರೆ. ಶಾಸಕರ ಅನುದಾನ ಬಂದರೆ ತಡೆಗೋಡೆಯಾಗುತ್ತದೆ, ಏಕೆಂದರೆ ತಡೆಗೋಡೆಗೆ ಅಂದಾಜು ಪಟ್ಟಿ ಬರೆಯುವುದು ಸುಲಭ, ಉದ್ಘಾಟನೆಗೂ ಚೆನ್ನ. ಕಂಪನಿಯ ಹಣ ಬಂದರೆ ಕಲ್ಲುಬೆಂಚು, ಬಣ್ಣದ ಫಲಕ. ಕೊನೆಯ ತೂಬಿನ ರೈತನಿಗೆ ಬೇಕಾಗಿದ್ದದ್ದು ಎರಡು ಅಡಿ ಹೂಳು ತೆಗೆಯುವುದು. ಅದಕ್ಕೆ ಯಾರ ಬಳಿಯೂ ಹಣವಿಲ್ಲ. ಆದ್ದರಿಂದ ಅರ್ಜಿ ಬರೆಯುವುದಕ್ಕಿಂತ ಮುಂಚೆ, ನೀರು ನಿಲ್ಲಿಸಿದ ವಾರಗಳಲ್ಲಿ ಕಾಲುವೆಯ ತಲೆಯಿಂದ ಬಾಲದವರೆಗೆ ನಡೆದು, ಕೆಲಸಗಳನ್ನು ಬರೆದುಕೊಳ್ಳಿ. ಜೊತೆಯಲ್ಲಿ ಹೊಲಗಳಿಗೆ ನೀರು ಬಿಡುವ ನೀರಗಂಟಿ ಇರಲಿ. ಎಂಜಿನಿಯರಿಗೆ ನಕ್ಷೆ ಗೊತ್ತು, ನೀರು ಎಲ್ಲಿ ತಡೆಯುತ್ತದೆ ಎಂಬುದು ನೀರಗಂಟಿಗೆ ಗೊತ್ತು.

ಬರೆದುಕೊಂಡ ಮೇಲೆ ಅವು ತಾವಾಗಿಯೇ ಬೇರೆಬೇರೆ ಗುಂಪಾಗುತ್ತವೆ. ವರ್ಷವರ್ಷವೂ ಬರುವ ಕೆಲಸ ಒಂದು ಬಗೆ: ಹೂಳು, ಜೊಂಡು, ಏರಿಯ ಮೇಲಿನ ಜಾಲಿ, ಸವೆದ ತೂಬಿನ ಹಲಗೆ, ಊರಿನ ಬಳಿ ಬಂದು ಬೀಳುವ ಪ್ಲಾಸ್ಟಿಕ್. ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಬರುವ ದೊಡ್ಡ ಕೆಲಸ ಇನ್ನೊಂದು: ಏರಿ ಒಡೆದದ್ದು, ತಗ್ಗಿನ ಮೇಲೆ ನೀರು ದಾಟಿಸುವ ಮೇಲ್ಗಾಲುವೆ ಸೋರುವುದು, ಅಣೆಕಟ್ಟೆಯ ಕಲ್ಲು ಕಿತ್ತುಹೋದದ್ದು. ಹಳೆಯ ಕಲ್ಲುಕಟ್ಟಡವನ್ನು ಹಳೆಯ ರೀತಿಯಲ್ಲೇ ಸರಿಪಡಿಸುವುದು ಮೂರನೆಯದು. ಇದಕ್ಕೆ ಹಣಕ್ಕಿಂತ ಮೊದಲು ಅನುಮತಿ ಮತ್ತು ಕುಶಲ ಕಲ್ಲುಕುಟಿಗರು ಬೇಕು. ಕಾಲುದಾರಿ, ಮೆಟ್ಟಿಲು, ಮಾಹಿತಿ ಫಲಕ, ಮರ ನೆಡುವುದು ಕೊನೆಯವು. ಕೊನೆಯ ಬಗೆಗೆ ಹಣ ಬಹಳ ಸುಲಭವಾಗಿ ಸಿಗುತ್ತದೆ, ಮೊದಲ ಬಗೆಗೆ ಬಹಳ ಕಷ್ಟ. ಕಾಲುವೆ ಬದುಕುವುದು ಮೊದಲ ಬಗೆಯ ಕೆಲಸದಿಂದ.

ಹಿಂದಿನವರು ಇದನ್ನು ಬಲ್ಲವರಾಗಿದ್ದರು. ಕೆರೆ, ಕಾಲುವೆ ಕಟ್ಟಿಸಿದವನಿಗೆ ದಶವಂದ, ಕಟ್ಟುಗೊಡಗೆ ಎಂದು ಅದೇ ನೀರಾವರಿಯ ಭೂಮಿಯಲ್ಲಿ ಪಾಲು ಕೊಡುತ್ತಿದ್ದರು. ಕೆರೆಯ ನಿರ್ವಹಣೆಗೆ ಬಿತ್ತುವಟ್ಟವೆಂದು ಭೂಮಿ ಬಿಡುತ್ತಿದ್ದರು. ನೀರು ಹರಿದರೆ ಮಾತ್ರ ಆ ಭೂಮಿ ಬೆಳೆ ಕೊಡುತ್ತಿತ್ತು, ಹಾಗಾಗಿ ನೀರು ಹರಿಸುವುದು ಹಣ ಪಡೆದವನ ಹೊಟ್ಟೆಪಾಡೂ ಆಗಿತ್ತು. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿಟ್ಟಂತೆ, ಕೃಷ್ಣದೇವರಾಯ ಹೊಸ ನೀರಾವರಿಯ ಭೂಮಿಯನ್ನು ಒಂಬತ್ತು ವರ್ಷ ತೆರಿಗೆಯಿಲ್ಲದೆ ಜನರಿಗೆ ಬಿಟ್ಟಿದ್ದ. ಮೊದಲು ಭೂಮಿ ಹದವಾಗಲಿ, ಆಮೇಲೆ ಬೊಕ್ಕಸ ತುಂಬಲಿ ಎಂಬ ಲೆಕ್ಕ.

ಅಚ್ಚುಕಟ್ಟಿನ ವಂತಿಗೆ

ಮನಸ್ಸಿಗೆ ಬೇಸರ ತರುವ ದಾರಿ ಇದು, ಆದರೆ ಹೆಚ್ಚು ಜಾಗ ಕೊಡಬೇಕಾದದ್ದೂ ಇದಕ್ಕೇ.

ಸರ್ಕಾರದ ನೀರುಕರ ಎಷ್ಟೆಂದು ಹೇಳಿದರೆ ಹೊಸಬರು ನಂಬುವುದಿಲ್ಲ. ಕರ್ನಾಟಕದಲ್ಲಿ ಬಹುಕಾಲ ಜಾರಿಯಲ್ಲಿದ್ದ ದರ ಭತ್ತಕ್ಕೆ ಎಕರೆಗೆ 100 ರೂಪಾಯಿ, ಕಬ್ಬಿಗೆ 400 ರೂಪಾಯಿ. ಅದೂ ಪೂರ್ತಿ ವಸೂಲಾಗುವುದಿಲ್ಲ. ಈ ಹಣದಿಂದ ಐನೂರು ವರ್ಷದ ಕಾಲುವೆ ನಡೆಯುತ್ತದೆ ಎಂದು ಯಾರೂ ಭಾವಿಸಬೇಕಾಗಿಲ್ಲ. 2000ದಲ್ಲಿ ನೀರಾವರಿ ಕಾಯ್ದೆಗೆ ತಂದ ತಿದ್ದುಪಡಿಯಿಂದ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಕಾನೂನಿನ ನೆಲೆ ಸಿಕ್ಕಿತು. ನೀರು ಹಂಚುವುದು, ಹೊಲಗಾಲುವೆ ನೋಡಿಕೊಳ್ಳುವುದು, ಕರ ವಸೂಲಿ ಮಾಡುವುದು ಸಂಘದ ಕೆಲಸ. ಅನೇಕ ಕಡೆ ಸಂಘವೆಂದರೆ ಬೀಗ ಹಾಕಿದ ಒಂದು ಕೊಠಡಿ ಮತ್ತು ಒಂದು ರಬ್ಬರ್ ಮೊಹರು. ಆದರೂ ಕಾಗದದ ಮೇಲೆ ಜೀವಂತವಿರುವ ಸಂಘವನ್ನು ಎಬ್ಬಿಸುವುದು ಹೊಸದನ್ನು ನೋಂದಾಯಿಸುವುದಕ್ಕಿಂತ ಬೇಗ ಆಗುತ್ತದೆ. ಅದಕ್ಕೆ ನೀರಾವರಿ ನಿಗಮದ ಮುಂದೆ ಮಾತನಾಡುವ ಹಕ್ಕೂ ಇದೆ.

ಕರಕ್ಕಿಂತ ಬೇರೆಯಾದದ್ದು ವಂತಿಗೆ. ಲೆಕ್ಕಕ್ಕೆಂದು 800 ಎಕರೆಯ ಒಂದು ಉಪಕಾಲುವೆ ತೆಗೆದುಕೊಳ್ಳೋಣ. ಎಕರೆಗೆ ವರ್ಷಕ್ಕೆ 300 ರೂಪಾಯಿ ಹಾಕಿಕೊಂಡರೆ 2,40,000 ರೂಪಾಯಿ. ನೂರಕ್ಕೆ ಎಪ್ಪತ್ತು ಮಂದಿ ಕೊಟ್ಟರೂ 1,68,000. ಇದರಲ್ಲಿ ಮೇಲ್ಗಾಲುವೆ ಕಟ್ಟಲಾಗದು. ಹೂಳು ತೆಗೆಯುವ ಯಂತ್ರದ ಬಾಡಿಗೆ, ಜೊಂಡು ಕೊಯ್ಯುವ ಕೂಲಿ, ತೂಬಿನ ಹಲಗೆ, ನೀರಗಂಟಿಗೆ ಒಂದಿಷ್ಟು ಗೌರವಧನ, ಇಷ್ಟು ಆಗುತ್ತದೆ. ಮುಖ್ಯವಾದ ಮಾತೆಂದರೆ ಮುಂದಿನ ವರ್ಷವೂ ಆಗುತ್ತದೆ. ಯಾರ ಸಹಿಗೂ ಕಾಯಬೇಕಾಗಿಲ್ಲ.

ತೊಡಕುಗಳು ಹಣದಲ್ಲಿಲ್ಲ, ನ್ಯಾಯದಲ್ಲಿವೆ. ತಲೆಭಾಗದವನಿಗೆ ಹೂಳು ತುಂಬಿದರೂ ನೀರು ಸಿಗುತ್ತದೆ, ಅವನೇಕೆ ಕೊಡುತ್ತಾನೆ? ಬಾಲದವನಿಗೆ ನೀರೇ ಬರುವುದಿಲ್ಲ, ಅವನೇಕೆ ಕೊಡುತ್ತಾನೆ? ಜಮೀನಿನ ಒಡೆಯ ಹೊಸಪೇಟೆಯಲ್ಲಿದ್ದಾನೆ, ಗುತ್ತಿಗೆಗೆ ಮಾಡುವವನು ಹೊಲದಲ್ಲಿದ್ದಾನೆ. ಪಹಣಿ ಒಬ್ಬನ ಹೆಸರಿನಲ್ಲಿ, ಬೆಳೆ ಇನ್ನೊಬ್ಬನದು. ಏರಿಯ ಮೇಲೆ ಮೋಟಾರು ಇಟ್ಟು ಅಚ್ಚುಕಟ್ಟಿನ ಹೊರಗಿನ ಜಮೀನಿಗೆ ನೀರೆತ್ತುವವನ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಇಂಥ ಕಡೆ ಫಲ ಕೊಡುವ ಒಂದು ಕ್ರಮವಿದೆ: ಮೊದಲ ವರ್ಷದ ವಂತಿಗೆಯಿಂದ ಬಾಲದ ಭಾಗದ ಕೆಲಸವನ್ನೇ ಮೊದಲು ಮಾಡಿ. ಬಾಲಕ್ಕೆ ನೀರು ಮುಟ್ಟಿತೆಂದರೆ ಎರಡನೆಯ ವರ್ಷ ಕೊಡದವರ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ, ತಲೆಭಾಗದವರಿಗೆ ನೈತಿಕ ಒತ್ತಡವೂ ಬೀಳುತ್ತದೆ. ಹಣ ಕೊಡಲಾಗದವರು ಆಳಿನ ಲೆಕ್ಕದಲ್ಲಿ ಕೊಡಲಿ. ರಸೀದಿ ಪ್ರತಿಯೊಬ್ಬರಿಗೂ ಕೊಡಿ, ಖರ್ಚನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಯಿರಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ ಲೆಕ್ಕವನ್ನು ಯಾರೂ ಓದುವುದಿಲ್ಲ. ಗೋಡೆಯ ಮೇಲಿನದನ್ನು ಓದಲು ಬಾರದವರೂ ಓದಿಸಿಕೊಳ್ಳುತ್ತಾರೆ.

ಸರ್ಕಾರದ ಹಣ: ದೊಡ್ಡದು, ತಡವಾದದ್ದು

ದೊಡ್ಡ ಕೆಲಸಕ್ಕೆ ಇದಕ್ಕೆ ಬದಲಿ ಇಲ್ಲ. ಕಾಲುವೆ ಸರ್ಕಾರದ ಆಸ್ತಿ, ಅದರ ದುರಸ್ತಿಯೂ ಸರ್ಕಾರದ ಹೊಣೆ. ಏರಿ ಒಡೆದಾಗ ಚಂದಾ ಎತ್ತಲು ಹೊರಟರೆ ಇಲಾಖೆಯನ್ನು ಅದರ ಹೊಣೆಯಿಂದ ಬಿಡಿಸಿದಂತಾಗುತ್ತದೆ. ವಿಜಯನಗರ ಕಾಲುವೆಗಳ ಆಧುನೀಕರಣಕ್ಕೆ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲ ಬಳಸಿದ್ದನ್ನು ನೆನಪಿಡಿ. ಆ ಗಾತ್ರದ ಹಣವನ್ನು ಯಾವ ಸಮಿತಿಯೂ ಎತ್ತಲಾರದು. ಅಂಥ ಯೋಜನೆ ಬಂದಾಗ ಊರಿನವರ ಕೆಲಸ ಹಣ ಹುಡುಕುವುದಲ್ಲ, ವಿವರವಾದ ಯೋಜನಾ ವರದಿಯನ್ನು ಮೊದಲೇ ಕೇಳಿ ಓದುವುದು. ಎಲ್ಲಿ ಕಾಂಕ್ರೀಟ್ ಹೊದಿಕೆ, ಎಲ್ಲಿ ಹಳೆಯ ಕಲ್ಲು ಹಾಗೆಯೇ, ತೂಬುಗಳ ಮಟ್ಟ ಎಷ್ಟು ಎಂಬುದು ಅಲ್ಲಿ ನಿರ್ಧಾರವಾಗಿರುತ್ತದೆ. ಕಾಂಕ್ರೀಟ್ ಬಂದರೆ ಸೋರಿಕೆ ಕಡಿಮೆಯಾಗಿ ಬಾಲಕ್ಕೆ ನೀರು ಮುಟ್ಟುತ್ತದೆ. ಅದೇ ಸೋರಿಕೆಯನ್ನು ನಂಬಿದ್ದ ದಡದ ಬಾವಿಗಳು ಸೊರಗಬಹುದು. ಎರಡನ್ನೂ ಒಂದೇ ಸಭೆಯಲ್ಲಿ ಹೇಳುವ ಧೈರ್ಯ ಇರಬೇಕು.

ಸಣ್ಣ ಮಟ್ಟದಲ್ಲಿ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದು 5 ಕೋಟಿ ರೂಪಾಯಿ. ಕೇಳಲು ದೊಡ್ಡದು, ಇಡೀ ಕ್ಷೇತ್ರದ ಶಾಲಾ ಕೊಠಡಿ, ಸಮುದಾಯ ಭವನ, ರಸ್ತೆಗಳ ನಡುವೆ ಹಂಚಿದರೆ ನಿಮ್ಮ ಪಾಲಿಗೆ ಬರುವುದು ಒಂದು ಕಿರುಸೇತುವೆ. ಒಂದು ಕಿರುಸೇತುವೆಯೇ ಬೇಕಿದ್ದರೆ ಇದು ಒಳ್ಳೆಯ ದಾರಿ. ಹೂಳಿಗೆ ಇದನ್ನು ಕೇಳಬೇಡಿ: ಈ ನಿಧಿಗಳ ಒಲವು ಬಾಳಿಕೆ ಬರುವ ಆಸ್ತಿ ಕಟ್ಟುವುದರ ಕಡೆಗೆ, ನಿರ್ವಹಣೆಯ ಕಡೆಗಲ್ಲ.

ಹೂಳಿಗೆ ಉದ್ಯೋಗ ಖಾತ್ರಿ ಹೊಂದುತ್ತದೆ. ಕಾಲುವೆಯ ಹೂಳೆತ್ತುವುದು 2005ರ ನರೇಗಾ ಕಾಯ್ದೆಯ ಕಾಲದಿಂದಲೂ ಒಪ್ಪಿತ ಕೆಲಸ. ಸಾಮಗ್ರಿ ವೆಚ್ಚ ನೂರಕ್ಕೆ 40 ಮೀರಬಾರದು, ಉಳಿದದ್ದು ಕೂಲಿಗೆ. ಕಾಯ್ದೆಯ ಹೆಸರು, ನಿಯಮಗಳು ಬದಲಾಗುತ್ತಿರುವ ಕಾಲವಿದು, ಪಂಚಾಯಿತಿಯಲ್ಲಿ ಇಂದಿನ ಸ್ಥಿತಿ ಕೇಳಿಕೊಳ್ಳಿ. ಇಲ್ಲಿನ ಲಾಭ ಹಣ ಊರಿನ ಕೂಲಿಕಾರರ ಖಾತೆಗೇ ಹೋಗುತ್ತದೆ ಎನ್ನುವುದು. ಅಡ್ಡಿ ಎಂದರೆ ಯಂತ್ರ ಬಳಸುವಂತಿಲ್ಲ. ನೀರು ನಿಲ್ಲಿಸುವ ಕೆಲವೇ ವಾರಗಳಲ್ಲಿ ಕೈಯಿಂದ ಎಷ್ಟು ದೂರ ಆಗುತ್ತದೆಂದು ಮೊದಲೇ ಅಳೆಯಬೇಕು. ವಾರ್ಷಿಕ ಕ್ರಿಯಾ ಯೋಜನೆಗೆ ಗ್ರಾಮಸಭೆಯಲ್ಲಿ ಸೇರಿಸದಿದ್ದರೆ ಆ ವರ್ಷ ಮುಗಿದಂತೆಯೇ.

ಬಳ್ಳಾರಿ, ವಿಜಯನಗರ ಜಿಲ್ಲೆಗಳವರಿಗೆ ಬೇರೆ ಬಹಳ ಕಡೆ ಇಲ್ಲದ ಒಂದು ಮೂಲವಿದೆ: ಗಣಿ. ಗಣಿ ಕಾಯ್ದೆಯ 2015ರ ತಿದ್ದುಪಡಿಯ ಪ್ರಕಾರ ಗಣಿ ಗುತ್ತಿಗೆದಾರರು ರಾಜಧನದ ಜೊತೆಗೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕೊಡಬೇಕು. ಹಳೆಯ ಗುತ್ತಿಗೆಯಾದರೆ ರಾಜಧನದ ನೂರಕ್ಕೆ 30, ಹರಾಜಿನಲ್ಲಿ ಪಡೆದದ್ದಾದರೆ 10. ಮೊದಲ ಆದ್ಯತೆ ಕುಡಿಯುವ ನೀರು, ಆರೋಗ್ಯ, ಶಿಕ್ಷಣದಂಥ ಬಾಬ್ತುಗಳಿಗೆ. ನೀರಾವರಿ ಎರಡನೆಯ ಪಟ್ಟಿಯಲ್ಲಿದೆ. ಜೊತೆಗೆ, ಅಕ್ರಮ ಗಣಿಗಾರಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಆದೇಶದಿಂದ ಸಂಗ್ರಹವಾದ ಹಣವನ್ನು ಗಣಿ ಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಬಳಸಲು ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮವಿದೆ. ಈ ಎರಡೂ ಕಡೆ ಹಣವಿಲ್ಲ ಎಂಬ ಉತ್ತರ ಬರುವುದು ಕಡಿಮೆ; ನಿಮ್ಮ ಊರು ಬಾಧಿತ ಪ್ರದೇಶದೊಳಗೆ ಬರುತ್ತದೆಯೇ ಎಂಬ ಪ್ರಶ್ನೆ ಬರುತ್ತದೆ. ಸಂಡೂರಿನ ಗುಡ್ಡದ ಬುಡದಲ್ಲಿದ್ದರೆ ಉತ್ತರ ಸುಲಭ, ಕಂಪ್ಲಿಯ ಕಡೆಯವರು ದಾಖಲೆ ಸಮೇತ ವಾದಿಸಬೇಕು. ಅರ್ಜಿ ಊರಿನವರ ಹೆಸರಿನಲ್ಲಿ ಹೋಗುವುದಕ್ಕಿಂತ ನೀರಾವರಿ ನಿಗಮದ ಎಂಜಿನಿಯರಿನ ಅಂದಾಜು ಪಟ್ಟಿಯೊಂದಿಗೆ ಜಿಲ್ಲಾಧಿಕಾರಿ ಕಚೇರಿಗೆ ಹೋದರೆ ಓಡಾಟ ಅರ್ಧ ಉಳಿಯುತ್ತದೆ.

ಕಂಪನಿಗಳ ಸಾಮಾಜಿಕ ಹೊಣೆಯ (ಸಿಎಸ್‌ಆರ್) ಹಣ

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ನಿನಂತೆ, 500 ಕೋಟಿಯ ನಿವ್ವಳ ಮೌಲ್ಯ, 1000 ಕೋಟಿಯ ವಹಿವಾಟು ಅಥವಾ 5 ಕೋಟಿಯ ನಿವ್ವಳ ಲಾಭ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ನೂರಕ್ಕೆ 2ನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ತಾನು ಕೆಲಸ ಮಾಡುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಕಾಯ್ದೆ ಹೇಳುತ್ತದೆ. ಐತಿಹಾಸಿಕ ಕಾಲುವೆಗೆ ಇಲ್ಲಿ ಒಂದು ಅನುಕೂಲವಿದೆ: ಈ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಪರಂಪರೆಯ ರಕ್ಷಣೆಯೂ ಇದೆ, ಜಲ ಮತ್ತು ಪರಿಸರವೂ ಇದೆ, ಗ್ರಾಮೀಣಾಭಿವೃದ್ಧಿಯೂ ಇದೆ. ಯಾವ ಬಾಗಿಲಿನಿಂದಲಾದರೂ ಒಳಗೆ ಹೋಗಬಹುದು.

ಬಾಗಿಲಲ್ಲಿ ತಡೆಯುವುದು ಸಮಿತಿಯ ಕಾಗದಪತ್ರ. ಹಣ ಪಡೆದು ಕೆಲಸ ಮಾಡಿಸುವ ಸಂಸ್ಥೆ ನೋಂದಾಯಿತ ಟ್ರಸ್ಟ್ ಅಥವಾ ಸೊಸೈಟಿಯಾಗಿರಬೇಕು, ಆದಾಯ ತೆರಿಗೆ ವಿನಾಯಿತಿಯ 12ಎ ಮತ್ತು 80ಜಿ ನೋಂದಣಿ ಇರಬೇಕು, ಇಂಥದೇ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ಇರಬೇಕು, ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನಮೂನೆ ಸಲ್ಲಿಸಿ ಸಂಖ್ಯೆ ಪಡೆದಿರಬೇಕು. ನೀರು ಬಳಕೆದಾರರ ಸಹಕಾರ ಸಂಘಕ್ಕೆ ಈ ದಾರಿ ಸಾಮಾನ್ಯವಾಗಿ ತೆರೆಯುವುದಿಲ್ಲ. ಈ ಹಣವೇ ಬೇಕೆಂದಾದರೆ ಈಗಾಗಲೇ ನೋಂದಣಿ ಇರುವ ಒಂದು ಸಂಸ್ಥೆಯ ಜೊತೆ ಕೈಜೋಡಿಸಿ, ಕೆಲಸದ ಪಟ್ಟಿ ನಿಮ್ಮದು, ಲೆಕ್ಕ ಅವರದು ಎಂದು ಲಿಖಿತ ಒಪ್ಪಂದ ಮಾಡಿಕೊಳ್ಳುವುದೇ ವಾಸಿ. ಇಲ್ಲದಿದ್ದರೆ ಕಂಪನಿಯೇ ನೇರವಾಗಿ ಕೆಲಸ ಮಾಡಿಸಲಿ.

ಕಾಲದ ಹೊಂದಾಣಿಕೆಯೂ ಒಂದು ತಲೆನೋವು. ಕಂಪನಿಗೆ ಮಾರ್ಚ್ 31ರೊಳಗೆ ಖರ್ಚಾಗಬೇಕು, ಕಾಲುವೆಯಲ್ಲಿ ನೀರು ನಿಲ್ಲುವ ದಿನಗಳನ್ನು ಜಲಾಶಯದ ಮಟ್ಟ ನಿರ್ಧರಿಸುತ್ತದೆ. ಫೆಬ್ರುವರಿಯಲ್ಲಿ ಬಂದ ಹಣಕ್ಕೆ ಕಾಲುವೆ ತುಂಬಾ ನೀರಿದ್ದರೆ ಆಗುವುದೇನು? ಕಾಲುವೆ ಬಿಟ್ಟು ಏರಿಯ ಮೇಲೆ ಬೆಂಚು ಕಟ್ಟುತ್ತಾರೆ. ಇದನ್ನು ತಪ್ಪಿಸಲು, ಮೊದಲ ಪತ್ರದಲ್ಲೇ 'ಮುಂದುವರಿಯುವ ಯೋಜನೆ' ಎಂದು ಕೇಳಿ. ಹಾಗೆ ಮಂಜೂರಾದ ಹಣ ಉಳಿದರೆ ಅದನ್ನು ಪ್ರತ್ಯೇಕ ಖಾತೆಗೆ ಹಾಕಿ ಮುಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಬಳಸಲು ಕಾಯ್ದೆಯಲ್ಲೇ ಅವಕಾಶವಿದೆ. ತೋರಣಗಲ್ಲು, ಸಂಡೂರು, ಕೊಪ್ಪಳದ ಸುತ್ತ ದೊಡ್ಡ ಕಾರ್ಖಾನೆಗಳಿರುವುದರಿಂದ ಕೇಳುವ ಬಾಗಿಲುಗಳಿಗೆ ಇಲ್ಲಿ ಕೊರತೆಯಿಲ್ಲ. ಅದೇ ಹೊಳೆಯ ನೀರನ್ನು ಬಳಸುವ ಕಾರ್ಖಾನೆಯಾದರೆ, ಹಣ ಪಡೆದ ಮೇಲೆ ನೀರಿನ ಹಂಚಿಕೆಯ ಸಭೆಯಲ್ಲಿ ನಿಮ್ಮ ದನಿ ತಗ್ಗುತ್ತದೆಯೇ ಎಂಬುದನ್ನೂ ಯೋಚಿಸಿ.

ದಾನ, ಚಂದಾ, ಊರು ಬಿಟ್ಟವರು

ತಿರುನೆಲ್ವೇಲಿ ಸೀಮೆಯಲ್ಲಿ ತಾಮ್ರಪರ್ಣಿಯಿಂದ ಹೊರಡುವ ಒಂದು ನಾಲೆಯನ್ನು ಇಂದಿಗೂ ಕನ್ನಡಿಯನ್ ಕಾಲ್ವಾಯ್ ಎನ್ನುತ್ತಾರೆ. ಕನ್ನಡಿಗ ಬ್ರಹ್ಮಚಾರಿಯೊಬ್ಬ ರಾಜನಿಂದ ದಾನವಾಗಿ ಬಂದ ಚಿನ್ನವನ್ನು ತನಗೆ ಇಟ್ಟುಕೊಳ್ಳದೆ ಈ ಕಾಲುವೆಗೆ ಸುರಿದ ಎಂಬುದು ಅಲ್ಲಿನ ದಂತಕಥೆ. ಅಂಥ ಒಬ್ಬ ದಾನಿ ನಿಮಗೂ ಸಿಕ್ಕರೆ ಈ ಲೇಖನ ಇಲ್ಲಿಗೇ ಬಿಡಬಹುದು. ಸಿಗದವರಿಗೆ ಹತ್ತಿರದ ಉದಾಹರಣೆ ಕೊಪ್ಪಳದ ಹಿರೇಹಳ್ಳ. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತಾಗ ರೈತರು, ವರ್ತಕರು, ವಿದ್ಯಾರ್ಥಿಗಳು ಹಣ, ಯಂತ್ರ, ಶ್ರಮ ಎಲ್ಲವನ್ನೂ ತಂದು ಕಿಲೋಮೀಟರುಗಟ್ಟಲೆ ಹಳ್ಳವನ್ನು ಸ್ವಚ್ಛ ಮಾಡಿದರು. ಜನರ ನಂಬಿಕೆ ಗಳಿಸಿದ ಒಂದು ಮುಖ ಮುಂದಿದ್ದರೆ ಸರ್ಕಾರಕ್ಕಿಂತ ವೇಗವಾಗಿ ಕೆಲಸ ಆಗುತ್ತದೆ. ಅಂಥ ಮುಖವಿಲ್ಲದೆ ಅದೇ ಮಾದರಿಯನ್ನು ನಕಲು ಮಾಡಹೊರಟರೆ ಮೊದಲ ವಾರದ ಉತ್ಸಾಹದಲ್ಲೇ ಮುಗಿಯುತ್ತದೆ. ಎರಡನೆಯ ಮಾತು: ಒಮ್ಮೆ ಎದ್ದ ಜನರನ್ನು ಪ್ರತಿವರ್ಷ ಎಬ್ಬಿಸಲಾಗದು. ಚಂದಾ ಒಂದು ಸಲದ ಕೆಲಸಕ್ಕೆ ಸರಿ.

ಅಂತರ್ಜಾಲದ ಮೂಲಕ ಹಣ ಎತ್ತುವ ತಾಣಗಳಲ್ಲಿ ರೋಗಿಗಳ ಮನವಿಗಳ ನಡುವೆ ನಿಮ್ಮ ಕಾಲುವೆಯ ಮನವಿಯೂ ಇರುತ್ತದೆ. ಮನುಷ್ಯರ ಮುಖವಿಲ್ಲದ ಮನವಿಗೆ ಅಪರಿಚಿತರು ಕೊಡುವುದು ಕಡಿಮೆ. ಕೊಡುವವರು ಆ ಊರನ್ನು ಬಲ್ಲವರೇ. ಹಾಗಿದ್ದರೆ ತಾಣದ ಶುಲ್ಕವೇಕೆ? ಊರಿನಿಂದ ಹೋದವರ ಪಟ್ಟಿ ಮಾಡಿ, ನೇರ ಕೇಳಿ. ತೆರಿಗೆ ವಿನಾಯಿತಿ ಇದೆ ಎಂದು ದೊಡ್ಡದಾಗಿ ಹೇಳುವ ಮುನ್ನ ಎರಡು ವಿಷಯ ಗೊತ್ತಿರಲಿ: 80ಜಿ ಎಂದು ಎಲ್ಲರೂ ಕರೆಯುವ ವಿನಾಯಿತಿ ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಸಿಗುವುದಿಲ್ಲ, ನಗದಾಗಿ ಕೊಟ್ಟದ್ದು 2,000 ರೂಪಾಯಿ ಮೀರಿದರೆ ಹಳೆಯ ಪದ್ಧತಿಯವರಿಗೂ ಇಲ್ಲ.

ಅಮೆರಿಕದಲ್ಲೋ ದುಬೈಯಲ್ಲೋ ಇರುವವರಿಂದ ಪಡೆಯುವಾಗ ಎಚ್ಚರ ಇನ್ನೂ ಹೆಚ್ಚು ಬೇಕು. ಭಾರತೀಯ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರತ್ವ ಪಡೆದವರು, ಸಾಗರೋತ್ತರ ಭಾರತೀಯ ಕಾರ್ಡು ಇದ್ದರೂ, ಕೊಟ್ಟದ್ದು ವಿದೇಶಿ ದೇಣಿಗೆಯೇ. ಅದಕ್ಕೆ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಬೇಕು, ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಖಾತೆ ಬೇಕು. ಹೊಸ ಸಮಿತಿಗೆ ಈ ನೋಂದಣಿ ಸುಲಭದಲ್ಲಿ ಸಿಗದು. ಡಾಲರಿನ ಆಸೆಗೆ ಯಾರದೋ ಖಾಸಗಿ ಖಾತೆಗೆ ಹಣ ತರಿಸಿದರೆ ಕಾಲುವೆಯ ಕೆಲಸ ಬಿಟ್ಟು ವಕೀಲರ ಮನೆಗೆ ಅಲೆಯಬೇಕಾಗುತ್ತದೆ. ಅಲ್ಲಿರುವ ಮಗ ಇಲ್ಲಿರುವ ತಂದೆಗೆ ಮನೆಖರ್ಚಿಗೆಂದು ಕಳಿಸುವುದು ಬೇರೆ, ಸಂಸ್ಥೆಗೆ ದೇಣಿಗೆ ಕಳಿಸುವುದು ಬೇರೆ.

ಒಂದು ದೊಡ್ಡ ದಾನ ಬಂದರೆ ಅದನ್ನು ಒಂದೇ ವರ್ಷದಲ್ಲಿ ಮಣ್ಣಿಗೆ ಸುರಿಯದೆ ಪುದುವಟ್ಟು ಇಟ್ಟು ಬಡ್ಡಿಯನ್ನಷ್ಟೇ ಬಳಸುವುದನ್ನು ದೇವಸ್ಥಾನಗಳಿಂದ ಕಲಿಯಬಹುದು. 10 ಲಕ್ಷಕ್ಕೆ ನೂರಕ್ಕೆ ಆರೂವರೆ ಬಡ್ಡಿಯೆಂದರೆ ವರ್ಷಕ್ಕೆ 65,000 ರೂಪಾಯಿ, ನೀರಗಂಟಿಯ ಗೌರವಧನ ಹೊರಟಿತು. ದಾನಿ 'ಇದು ಮೂಲನಿಧಿಗೆ' ಎಂದು ಬರೆದುಕೊಟ್ಟಿರಬೇಕು, ಅದನ್ನು ಬೇರೆಯಾಗಿಯೇ ತೋರಿಸಬೇಕು. ಇಲ್ಲವಾದರೆ ಆದಾಯದ ನೂರಕ್ಕೆ 85ನ್ನು ಅದೇ ವರ್ಷ ಉದ್ದೇಶಕ್ಕೆ ಬಳಸಬೇಕೆಂಬ ತೆರಿಗೆ ನಿಯಮ ಅಡ್ಡ ಬರುತ್ತದೆ. ನನ್ನ ಮಟ್ಟಿಗೆ ದಾನದ ಹಣಕ್ಕೆ ಇದಕ್ಕಿಂತ ಒಳ್ಳೆಯ ಬಳಕೆಯಿಲ್ಲ, ಆದರೆ ದಾನಿಗಳಿಗೆ ಇದು ಇಷ್ಟವಾಗುವುದಿಲ್ಲ. ಬಡ್ಡಿಗೆ ಹೆಸರಿನ ಫಲಕ ಹಾಕಲಾಗದಲ್ಲ!

ಪರಂಪರೆಯ ಹೆಸರಿನ ಹಣ

ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆನೆಗೊಂದಿಯ ಸೇತುವೆಯ ಕಾರಣದಿಂದ 1999ರಲ್ಲಿ ಅಪಾಯದ ಪಟ್ಟಿಗೂ ಹೋಗಿ 2006ರಲ್ಲಿ ಹೊರಬಂತು. ಈ ಮನ್ನಣೆಯಿಂದ ಕಾಲುವೆಗೆ ನೇರ ಹಣ ಬರುತ್ತದೆ ಎಂದು ತಿಳಿದವರಿಗೆ ನಿರಾಸೆ ಕಾದಿದೆ. ಸ್ಮಾರಕದ ಟಿಕೆಟಿನ ಹಣ ಪುರಾತತ್ವ ಸರ್ವೇಕ್ಷಣೆಯದು. 1996ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಕೃತಿ ನಿಧಿ, ರಾಜ್ಯದ 'ನಮ್ಮ ಸ್ಮಾರಕ' ದತ್ತು ಯೋಜನೆ, ಇವೆಲ್ಲ ಸಂರಕ್ಷಿತ ಸ್ಮಾರಕಗಳನ್ನು ಗಮನದಲ್ಲಿಟ್ಟುಕೊಂಡವು. ನಿಮ್ಮ ಕಾಲುವೆಯ ದಡದ ಮಂಟಪ ಅಥವಾ ಕಲ್ಲಿನ ಮೇಲ್ಗಾಲುವೆ ಆ ಪಟ್ಟಿಯಲ್ಲಿದ್ದರೆ ಈ ದಾರಿ ಹಿಡಿಯಿರಿ. ಹರಿಯುವ ನೀರು, ಮಣ್ಣಿನ ಏರಿ ಅದರಲ್ಲಿ ಹಿಡಿಸುವುದಿಲ್ಲ.

ಹಣ ಬರಲಿ ಬಿಡಲಿ, ನಿಯಮ ಬರುತ್ತದೆ. ಕೇಂದ್ರ ಸಂರಕ್ಷಿತ ಸ್ಮಾರಕದ 100 ಮೀಟರಿನೊಳಗೆ ಹೊಸ ನಿರ್ಮಾಣಕ್ಕೆ ನಿಷೇಧ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಜೊತೆಗೆ 2002ರ ಕಾಯ್ದೆಯಿಂದ ಬಂದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಒಪ್ಪಿಗೆ. ಹಣ ಮಂಜೂರಾದ ಮೇಲೆ ಅನುಮತಿಗೆ ಹೋದರೆ ಹಣದ ಅವಧಿ ಮುಗಿದಿರುತ್ತದೆ. ಕ್ರಮ ತಿರುಗಿಸಿ: ಅನುಮತಿ ಪತ್ರ ಕೈಯಲ್ಲಿ ಹಿಡಿದು ದಾನಿಯ ಬಳಿಗೆ ಹೋದವರನ್ನು ಯಾರೂ ಹಗುರವಾಗಿ ನೋಡುವುದಿಲ್ಲ.

ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 2012ರಲ್ಲಿ ಹಳೆಯ ಕಾಲುವೆಗಳನ್ನು ಸರ್ಕಾರದಿಂದ ಬಿಡಿಸಿ ಒಂದು ದತ್ತಿ ಸಂಸ್ಥೆಗೆ ಒಪ್ಪಿಸಿದರು, ನಾವೂ ಹಾಗೆ ಮಾಡಬಾರದೇ ಎಂದು ಕೇಳುವವರಿದ್ದಾರೆ. ಅಲ್ಲಿನ ಕಾಲುವೆಗಳಲ್ಲಿ ದೋಣಿಗಳಿವೆ, ದೋಣಿಗೆ ಪರವಾನಗಿ ಶುಲ್ಕವಿದೆ, ದಡದಲ್ಲಿ ಬಾಡಿಗೆ ಬರುವ ಆಸ್ತಿಯಿದೆ, ಅಷ್ಟಿದ್ದೂ ಸರ್ಕಾರದ ಅನುದಾನ ಬೇಕಾಗಿದೆ. ನಮ್ಮವು ಹೊಲಕ್ಕೆ ಹರಿಯುವ ಕಾಲುವೆಗಳು. ನಮ್ಮಲ್ಲಿ ಪ್ರವಾಸಿಗರಿಂದ ಆಗಬಹುದಾದದ್ದು ಸಣ್ಣದು: ದಡದ ಕಾಲುದಾರಿಯಲ್ಲಿ ಊರಿನ ಯುವಕರೇ ಮಾರ್ಗದರ್ಶಿಯಾಗಿ ನಡೆಸುವ ನಡಿಗೆ, ಅದರ ಶುಲ್ಕದಲ್ಲಿ ಒಂದು ಪಾಲು ಸಂಘಕ್ಕೆ. ಕಾಲುವೆಯ ನೀರು, ನೋಟ ಎರಡನ್ನೂ ಬಳಸಿಕೊಳ್ಳುವ ವಸತಿಗೃಹಗಳ ಬಳಿ ವಾರ್ಷಿಕ ವಂತಿಗೆ ಕೇಳುವುದಕ್ಕೂ ಸಂಕೋಚ ಬೇಡ.

ಹಾಗಾದರೆ ಯಾವುದು?

ಊರಿನ ಸಂಘ ಸತ್ತಂತಿದ್ದು ಕೈಯಲ್ಲಿ ಏನೂ ಇಲ್ಲವಾದರೆ, ವಂತಿಗೆ ಮತ್ತು ಉದ್ಯೋಗ ಖಾತ್ರಿ, ಎರಡೇ ಸಾಕು. ಎರಡು ಬೇಸಿಗೆ ಇಷ್ಟನ್ನೇ ಮಾಡಿ ಲೆಕ್ಕ, ಫೋಟೊ ಇಟ್ಟುಕೊಳ್ಳಿ. ಕಂಪನಿಯ ಮುಂದೆ ಇಡಲು ಬೇಕಾದ ಅನುಭವದ ದಾಖಲೆ ಅಲ್ಲಿಯೇ ಹುಟ್ಟುತ್ತದೆ. ಏರಿ ಒಡೆಯುವ ಸ್ಥಿತಿಯಲ್ಲಿದ್ದರೆ ಬೇರೆಲ್ಲ ಬಿಟ್ಟು ನೀರಾವರಿ ನಿಗಮ, ಜಿಲ್ಲಾಧಿಕಾರಿ, ಗಣಿ ನಿಧಿ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದ ಮೇಲೆ ಈ ಸೀಮೆಯ ಯಾವ ಕಚೇರಿಗೂ ನಿರ್ವಹಣೆಯ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ವರ್ಷದ ಕೆಲಸ ಸರಾಗವಾಗಿ ನಡೆಯುತ್ತಿದ್ದು ಕಲ್ಲುಕಟ್ಟಡ ಉಳಿಸಬೇಕೆಂದಿದ್ದರೆ ಅನುಮತಿ ಪಡೆದು ಕಂಪನಿಯ ಬಳಿ ಹೋಗಿ. ದಾನ ಬಂದರೆ ಪುದುವಟ್ಟು.

ಕೆಲವು ಹಣವನ್ನು ಬೇಡವೆನ್ನಬೇಕು. ಮುಂದಿನ ಐದು ವರ್ಷ ಯಾರು ನೋಡಿಕೊಳ್ಳುತ್ತಾರೆಂದು ಹೇಳದ ಉದ್ಯಾನ, ದೀಪಾಲಂಕಾರಗಳ ಹಣ ಬೇಡ, ಅದರ ವಿದ್ಯುತ್ ಬಿಲ್ಲು ಪಂಚಾಯಿತಿಯ ತಲೆಗೆ ಬರುತ್ತದೆ. ಹಳೆಯ ಕಲ್ಲು ಕಿತ್ತು ಹೊಸ ಗೋಡೆ ಕಟ್ಟುವ ಷರತ್ತಿನ ಹಣ ಬೇಡ. ಚುನಾವಣೆಗೆ ಮೂರು ತಿಂಗಳಿರುವಾಗ ಒಬ್ಬರ ಹೆಸರಿನಲ್ಲಿ ಬರುವ ಜೆಸಿಬಿ ಕೂಡ ಬೇಡ, ಎದುರು ಪಕ್ಷದ ರೈತರು ಆಮೇಲೆ ವಂತಿಗೆ ನಿಲ್ಲಿಸುತ್ತಾರೆ. ಇನ್ನು, 'ನಾನೇ ಉಚಿತವಾಗಿ ಹೂಳು ತೆಗೆದುಕೊಡುತ್ತೇನೆ, ಮಣ್ಣು ಮಾತ್ರ ನನಗಿರಲಿ' ಎಂದು ಬರುವ ಗುತ್ತಿಗೆದಾರ. ಹೂಳಿನ ಅಡಿಯಲ್ಲಿ ಮರಳಿದ್ದರೆ ಅವನು ಕಾಲುವೆಯ ತಳವನ್ನೇ ತೋಡಿ ಮಟ್ಟ ಕೆಡಿಸುತ್ತಾನೆ. ನೀರಾವರಿ ನಿಗಮದ ಲಿಖಿತ ಅನುಮತಿ ಮತ್ತು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪತ್ರ, ಎರಡೂ ಬರುವವರೆಗೆ ಒಂದು ಲಾರಿಯೂ ಏರಿ ಇಳಿಯದಿರಲಿ. ರಸ್ತೆಯಲ್ಲಿ ಲಾರಿ ಹಿಡಿದ ದಿನ ಠಾಣೆಯಿಂದ ಕರೆ ಬರುವುದು ಗುತ್ತಿಗೆದಾರನಿಗಲ್ಲ, ಸಂಘದ ಅಧ್ಯಕ್ಷರಿಗೆ.